ಡುಕ್ಕರ್ ಫಿಯಾಟಿನ ಎಡಗಡೆ ಸೀಟು

…ಇಲ್ಲ ತಮ್ಮಾ, ತಾರೀಖಿನ ವಿಷಯದಾಗ ನನ್ನ ಜೋಡಿ ವಾದ ಹಾಕಬ್ಯಾಡ. ಎಂಬತ್ತೊಂಬತ್ತು ಅಲ್ಲ, ಎಂಬತ್ತೇಳು. ಇಲ್ಲೇ ಐತಿ ನೋಡು, ನನ್ನ ಕೈಯ್ಯಾರೆ ಬರದದ್ದು. ‘ಡಿಸೆಂಬರ್ ೩, ೧೯೮೭, ಗುರುವಾರ. ಗಡಹಿಂಗ್ಲಜದಿಂದ ಬರುವಾಗ ಗಾಡಿ ದಾರಿಯಲ್ಲಿಯೇ ಉಳಿಯಿತು.’ ಮುಗೀತು. ಅದರ ಕೆಳಗ ಏನೂ ಇಲ್ಲ.

ಯಾಕ ನಗತಿ? ಬಿ.ಎ. ಮಾಡಿದಾಕಿ ಇಷ್ಟ ಬರದಾಳಲ್ಲ ಅಂತ ನಗತಿ? ಬ್ಯಾರೆ ಪುಟ ತಗದು ನೋಡು. ಮಳಿ ಯಾವಾಗ ಬಂತು, ಪೆಟ್ರೋಲ್ ಎಲ್ಲಿ ಹಾಕಸಿದ್ರು, ಮಗ್ಗದ ಶೆಡ್ಡಿನ್ಯಾಗ ಯಾರು ರಜಾ ಹಾಕಿದ್ರು, ಎಮ್ಮಿ ಯಾವ ದಿನ ಈತು… ಎಲ್ಲಾ ಐತಿ. ಕೊಲ್ಲಾಪುರದಾಗ ಕಾಲೇಜಿಗೆ ಹೋಗೂಮುಂದ ಹತ್ತಿದ ಚಟ. ಮಾತಾಡೂದು ಹಿಂಗ ನಮ್ಮ ಮನಿ ಮಾತು, ಡೈರಿ ಮಾತ್ರ ಪುಸ್ತಕದ ಕನ್ನಡದಾಗ. ಈ ಇಚಲಕರಂಜಿ ಓಣ್ಯಾಗ ಏನರೆ ಜಗಳ ಬಂದ್ರ ಇವತ್ತಿಗೂ ‘ಕಾಂಚನಬಾಯಾರ ಡೈರಿ ತರ್ರಿ’ ಅಂತಾರ. ಆ ಒಂದ ದಿನ… ಆ ದಿನ ಅಷ್ಟ ಬರದೀನಿ.

ಕೂಡು, ಕೂಡು. ನಿಂತ ಮಾತಾಡಬ್ಯಾಡ. ವೃಷಾಲೀ! ಈ ಹುಡುಗಗ ಚಹಾ ಮಾಡವ್ವಾ. ಅಮರ ಅಂತ, ಗೋಕುಳ ಶಿರಗಾಂವದಿಂದ ಬಂದಾನ, ಹಳೀ ಗಾಡಿ ರಿಪೇರಿ ಮಾಡಿ ವಿಡಿಯೋ ಹಾಕಾಂವ… ನನ್ನ ಸೊಸಿ ಆಕಿ. ಆಕಿ ಮುಂದ ಗಾಡಿ ಸುದ್ದಿ ಜಾಸ್ತಿ ತಗೀಬ್ಯಾಡ. ಯಾಕ ಅಂದ್ರ… ಸುಮ್ನ. ಆಕಿಗೆ ಹೇಳಿದ್ದು ಸಂಜಿಗೆ ನನ್ನ ಮಗಗ ಮುಟ್ಟತೈತಿ.

ಏನಂದಿ? ಡುಕ್ಕರ್ ಫಿಯಾಟ್! ಎಲೋ, ಜೈನರ ಮನ್ಯಾಗ ಕುಂತು ನಮ್ಮ ಮಾವನವರ ಗಾಡಿಗೆ ಹಂದಿ ಅಂತೀಯಲ್ಲೋ! ಗೊತ್ತು, ಗೊತ್ತು, ಇಡೀ ಮಹಾರಾಷ್ಟ್ರ ಹಂಗ ಕರೀತೈತಿ, ಮೋತಿ ಹಂಗ ಐತಿ ಅಂತ. ನಮ್ಮತ್ತಿ ಮಾತ್ರ ಆ ಮಾತು ಆಡಾಕ ಬಿಡತಿರಲಿಲ್ಲ. ‘ನಮ್ಮ ಹಸರ ಗಾಡಿ’ ಅನಬೇಕು. ಮಾವನವರು ಐವತ್ತೈದರಾಗ ತಂದದ್ದು. ಸ್ಟೇರಿಂಗಿನ ಬಾಜೂಕ ಗೇರು. ಮುಂದಿನ ಬಾಗಿಲ ಎರಡೂ ಉಲ್ಟಾ ತೆರೀತಾವು, ಹೌದಲ್ಲೊ? ಹೆಣ್ಣಮಕ್ಕಳು ಇಳಿಯೂಮುಂದ ಸೀರಿ ಸಿಗತಿತ್ತು. ನನ್ನ ಒಂದ ಜರಿ ಸೀರಿ ಹಂಗ ಹರದೈತಿ. ಅದೂ ಡೈರ್ಯಾಗ ಐತಿ.

ಇದೇನ, ಫೋಟೋ? ತೋರಿಸು. ಅಯ್ಯ ಅಯ್ಯ… ಇದು ಆಸ್ಟಿನ್ ಏನ? ಬಾನೆಟ್ಟಿನ ನಡುವಿಂದ ಪಪ್ಪಾಯಿ ಗಿಡ ಬಂದೈತಲ್ಲೋ! ಹಣ್ಣೂ ಬಿಟ್ಟೈತಿ! ಎಲ್ಲಿದು, ಕೊಲ್ಲಾಪುರದಾಗನ? ಬಂಗ್ಲೆ ಹಿಂದಿನ ತ್ವಾಟದಾಗ. ಹೂಂ. ಇದು? ಬೆಲ್ಲದ ಗಾಣದ ಮನಿ. ಕಬ್ಬಿನ ಸಿಪ್ಪಿ ಒಳಗ ಜೀಪು. ಕೋಳಿ ತತ್ತಿ ಇಟ್ಟಾವು ಸೀಟಿನ ಮ್ಯಾಲೆ… ನಿನಗ ಭಾರಿ ಹುಚ್ಚು ಬಿಡು. ಮಂದಿ ಹೆಣ್ಣು ನೋಡಾಕ ಊರೂರು ತಿರಗ್ತಾರ, ನೀ ತುಕ್ಕು ನೋಡಾಕ ತಿರಗ್ತಿ. ಲಗ್ನ ಆಗೈತೋ ಇಲ್ಲೋ? ಇಲ್ಲ? ಅದಕ್ಕ.

ಇದು…

ಸ್ವಲ್ಪ ತಡಿ. ಕನ್ನಡಕ ಒರಸ್ಕೋತೀನಿ.

ಹೌದು. ಇದ ನಮ್ಮ ಗಾಡಿ. ಗಾಡಿ ಉಳದ ಹಾದಿ ಬಾಜೂಕಿನ ರೈತ ದುಂಡಪ್ಪನ ಕೊಟ್ಟಿಗಿ. ಕಣಕಿ ಬಣವಿ ಒಟ್ಟಿದ್ರು ಮ್ಯಾಲೆ, ಜೋಳದ ದಂಟು… ನೀವ ತಗದ್ರೇನು ಎಲ್ಲಾ? ಎಷ್ಟು ಗಾಡಿ ಕಣಕಿ ಇತ್ತೋ ಏನೋ. ಪ್ರತಿ ವರ್ಷ ಹಳೀದರ ಮ್ಯಾಲೆ ಹೊಸಾದು ಒಟ್ಟತಿದ್ದ ದುಂಡಪ್ಪ. ನಾನ ಹೇಳಿದ್ದೆ, ಕಾಣದಂಗ ಮುಚ್ಚು ಅಂತ. ಪಾಪ, ಸಾಯೂತನಕ ಮುಚ್ಚಿದ. ಒಂದ ರೂಪಾಯಿ ಬಾಡಗಿ ಕೇಳಲಿಲ್ಲ.

ಬಣ್ಣ ಇನ್ನೂ ಐತಲ್ಲೊ! ಗಾಜೂ ಒಡದಿಲ್ಲ. ಹಂಗಂದ್ರ ಇದು ಈಗ ನಿಮ್ಮ ಶೆಡ್ಡಿನ್ಯಾಗ ಐತಿ. ತಂದಬಿಟ್ಟಿ. ನನ್ನ ಕೇಳಲಾರದ ತಂದಬಿಟ್ಟಿ, ಈಗ ಕಾಗದದ ಮ್ಯಾಲೆ ನನ್ನ ಸಹಿ ಬೇಕು.

ಸಿಟ್ಟಲ್ಲೋ. ಇದು ನನ್ನ ಧ್ವನಿನ ಹಿಂಗ. ಕೇಳು, ಏನ ಕೇಳಬೇಕು ಅಂತ ಬಂದಿ? ಬರೇ ಸಹಿ ಬೇಕಾಗಿದ್ರ ನೀ ಹುಡುಗರ ಕೈಲೆ ಕಾಗದ ಕಳಸ್ತಿದ್ದಿ. ಬಂದಾಗಿಂದ ನೋಡಾಕತ್ತೀನಿ, ಕುರ್ಚಿ ಅಂಚಿಗೆ ಕುಂತಿ.

ಏನು?… ಗಟ್ಟಿ ಹೇಳು. ಇಲ್ಲ, ಗಟ್ಟಿ ಹೇಳಬ್ಯಾಡ, ಸೊಸಿ ಅದಾಳ. ಹತ್ರ ಸರದು ಹೇಳು.

ಆ ಗಾಡ್ಯಾಗ ಯಾರರೆ ಸತ್ತಿದ್ರೇನು ಅಂತ ಕೇಳ್ತಿ?

ಹ ಹ ಹ! ಇದಕ್ಕನ ಅಷ್ಟು ದೂರದಿಂದ ಬಂದೀ! ಇಲ್ಲಪ್ಪಾ, ಯಾರೂ ಸತ್ತಿಲ್ಲ. ನಮ್ಮ ಗಾಡಿ ಒಂದ ಬೆಕ್ಕಿನ ಮ್ಯಾಲೂ ಹೋಗಿಲ್ಲ. ಇರಿವಿ ಸಾಲು ಕಂಡ್ರ ಬ್ರೇಕ್ ಹಾಕೂ ಮನಷ್ಯಾ ನಮ್ಮವರು. ಯಾಕ ಕೇಳ್ತಿ ಅಂಥಾದ್ದು?… ಕೆಲಸದವರು ಏನೋ ಅಂತಾರ. ಕೆಲಸದವರು ಏನರೆ ಅಂತಾರ. ಎಡಗಡೆ ಬಾಗಿಲ ತೆರದಿರತೈತಿ? ಹಾಕಿ ಹೋದ್ರೂ? ಹಳೀ ಗಾಡಿ, ಚಿಲಕ ಸವದಿರತೈತಿ. ನೀ ಮೆಕ್ಯಾನಿಕ್ಕ ಅಲ್ಲೇನ? ನನ್ನ ಕೇಳ್ತಿ!

ಚಹಾ ಕುಡಿ. ಹೇಳ್ತೀನಿ, ಆ ಗಾಡಿ ಅಲ್ಲಿ ಯಾಕ ಉಳೀತು ಅಂತ. ಇದು ಹೆಮ್ಮಿ ಮಾತು, ಮುಚ್ಚಿಡೂದಲ್ಲ. ಇಡೀ ಸಮಾಜಕ್ಕ ಗೊತ್ತೈತಿ.

ಗಡಹಿಂಗ್ಲಜ ನನ್ನ ತವರಮನಿ. ಅಣ್ಣಾ ಹೊಸ ಮನಿ ಕಟ್ಟಿಸಿದ್ದ, ವಾಸ್ತುಶಾಂತಿ ಇತ್ತು. ಮುಂಜಾನೆ ಹೋಗಿ ಸಂಜಿಗೆ ತಿರುಗಿ ಬರೂದು ಅಂತ ಇವರೂ ನಾನೂ ಇಬ್ಬರ ಹೋದ್ವಿ. ಮಹಾವೀರ, ನನ್ನ ಮಗಾ, ಆಗ ಇನ್ನೂ ವರ್ಷದ ಕೂಸಾಗಿರಲಿಲ್ಲ. ಕೆಮ್ಮಿತ್ತು. ಥಂಡಿ ಗಾಳ್ಯಾಗ ಒಯ್ಯಬ್ಯಾಡ ಅಂತ ನಮ್ಮತ್ತಿ ಇಲ್ಲೇ ಇಟಗೊಂಡ್ರು. ತಿರುಗಿ ಬರೂಮುಂದ ಹೊಳಿ ದಾಟಿ ಸ್ವಲ್ಪ ಮುಂದ ಬಂದಿವಿ, ಕಬ್ಬಿನ ಚಕ್ಕಡಿ ಸಾಲಾಗಿ ಹೊಂಟಿದ್ವು, ಹಾದಿ ಸಿಗವಲ್ದು. ಚಕ್ಕಡಿ ಬಾಜೂಕ ಮುನಿ ಸಂಘ. ಮಹಾರಾಜರು, ಅಂದ್ರ ನಮ್ಮ ದಿಗಂಬರ ಮುನಿಗಳು, ನಡಕೋತ ಬರಾಕತ್ತಿದ್ರು. ಚಾತುರ್ಮಾಸ ಮುಗದಿತ್ತಲ್ಲ, ಊರೂರು ನಡಿಯೂ ವಿಹಾರ ಚಾಲೂ ಆಗಿತ್ತು. ಇವರು ಗಾಡಿ ನಿಲ್ಲಿಸಿದ್ರು. ಇಳದು ನಮೋಸ್ತು ಮಾಡಿ ಬರಬೇಕಲ್ಲ, ಅದು ಪದ್ಧತಿ. ನಾನೂ ಇಳದೆ, ಸೆರಗ ಹೊತಗೊಂಡು ನಮಸ್ಕಾರ ಮಾಡಿದೆ.

ಹಿರೇ ಮಹಾರಾಜರ ಕಾಲು ಒಡದು ರಕ್ತ ಬಂದಿತ್ತು. ಡಾಂಬರದ ಮ್ಯಾಲೆ ಹೆಜ್ಜಿ ಮೂಡಿದ್ವು. ಇವರು ಅದನ್ನ ನೋಡಿದ್ರು. ಆಮ್ಯಾಲೆ ನಮ್ಮ ಗಾಡಿ ಟಾಯರ್ ನೋಡಿದ್ರು. ನಾ ಅವರ ಮಾರೀನ ನೋಡಾಕತ್ತಿದ್ದೆ… ಅಲ್ಲೇ, ಚಕ್ಕಡಿ ಎತ್ತುಗಳ ನಡುವ, ಮಣಕಾಲೂರಿ ಕೈ ಮುಗದು ಅಂದ್ರು: ‘ಮಹಾರಾಜ, ಇವತ್ತಿನಿಂದ ಆಜೀವ ವಾಹನ ತ್ಯಾಗ.’

ನಿನಗ ತಿಳೀತಿಲ್ಲ. ನಮ್ಮ ಮಂದ್ಯಾಗ ನಿಯಮ ತಗೊಳ್ಳೂದಂದ್ರ ಹಂಗ. ಒಬ್ಬರು ಗೆಣಸು ಬಿಡ್ತಾರ, ಒಬ್ಬರು ವರ್ಷಗಟ್ಟಲೆ ತುಪ್ಪ ಬಿಡ್ತಾರ. ಮಹಾರಾಜರ ಮುಂದ ಹೇಳೂದು, ಅವರು ನವಿಲಗರಿ ಪಿಂಛಿ ಎತ್ತಿ ಆಶೀರ್ವಾದ ಮಾಡೂದು. ಆತು, ಇನ್ನ ಜೀವ ಹೋದ್ರೂ ಮುರೀಬಾರದು. ಇವರದೂ ಹಂಗ. ಇನ್ನಮ್ಯಾಲೆ ಗಾಡಿ ಹತ್ತಂಗಿಲ್ಲ, ನಡಸಂಗಿಲ್ಲ, ಬಸ್ಸು, ರೈಲು, ಚಕ್ಕಡಿ ಏನೂ ಇಲ್ಲ. ಇದ್ದಷ್ಟು ದಿನ ಬರೇ ನಡಿಗಿ.

ಹೌದಲ್ಲೋ! ನೀ ನಗಾಕನ ಬೇಕು. ನಮ್ಮ ಮಂದೀನೂ ನಕ್ಕಾರ. ವಾಹನ ತ್ಯಾಗ ಮಾಡಾಂವ ಮೊದಲ ಮನಿಗೆ ಮುಟ್ಟಿ, ಗಾಡಿ ಶೆಡ್ಡಿಗೆ ಹಾಕಿ, ಆಮ್ಯಾಲೆ ಮಾಡತಾನ. ಇವರು ನಡು ಹಾದ್ಯಾಗ, ಹೆಂಡತೀನ ಕೂಡಿಸ್ಕೊಂಡು ಬಂದು, ಸ್ಟೇರಿಂಗಿನಿಂದ ಇಳದು ಮಾಡಿದ್ರು! ಮಹಾರಾಜರು ಸೈತ ಕೇಳಿದ್ರು, ‘ಭರತೇಶ, ಮನಿಗೆ ಹೆಂಗ ಹೋಗ್ತಿ?’ ಅಂತ. ‘ನಡಕೋತ’ ಅಂದ್ರು. ಸಂಘದ ಜೋಡಿ ಬಂದ ಶ್ರಾವಕರು ಜೈ ಅಂದ್ರು. ಪಿಂಛಿ ಎದ್ದಿತು. ಮುಗೀತು.

ಹಂಗ ಸಂಘದ ಬೆನ್ನ ಹಿಂದ ನಡಕೋತ ಹೋದ್ರು. ಹೋದವರು ಹೊಳ್ಳಿ ನೋಡಲಿಲ್ಲ. ಇದು ಮುಖ್ಯ, ಕೇಳಸ್ಕೋ. ಹೊಳ್ಳಿ ನೋಡಲಿಲ್ಲ. ಮುಂದ ಕ್ಷುಲ್ಲಕ ಆದ್ರು, ಮುನಿ ಆಗೂಕಿಂತ ಮೊದಲಿನ ದೀಕ್ಷಾ ಅದು, ಆಮ್ಯಾಲೆ ಮುನಿ ದೀಕ್ಷಾ ಆತು. ಅಲ್ಲಿ ಗ್ವಾಡಿ ಮ್ಯಾಲೆ ಫೋಟೋ ಐತಲ್ಲ, ಅವರ. ಸಮಾಧಿ ಆಗಿ ಭಾಳ ವರ್ಷ ಆತು. ಪ್ರತಿ ವರ್ಷ ಪುಣ್ಯತಿಥಿಗೆ ಭಾಷಣದಾಗ ಹೇಳ್ತಾರ, ‘ಹೆಂಡತಿ, ಕೂಸು, ಗಾಡಿ ಎಲ್ಲಾ ನಡು ಹಾದ್ಯಾಗ ಬಿಟ್ಟು, ಒಮ್ಮೆ ಸೈತ ತಿರುಗಿ ನೋಡದ ಹೋದ ವೈರಾಗ್ಯಮೂರ್ತಿ.’ ನನಗ ಶಾಲು ಹೊಚ್ಚಿ ಸತ್ಕಾರ ಮಾಡ್ತಾರ. ಎಷ್ಟು ಶಾಲು ಅದಾವು ಒಳಗ… ಬೇಕಾದ್ರ ನಿನ್ನ ಶೆಡ್ಡಿನ ಹುಡುಗರಿಗೆ ಒಯ್ಯಿ, ಥಂಡಿಗೆ ಬರ್ತಾವು.

ಮಾತಾಡಿಸಿದ್ರೇನು ಅಂತನ? ಆಮ್ಯಾಲೆ? ಇಲ್ಲ. ಮುನಿಗಳು ಹಿಂದಿನ ಸಂಬಂಧ ಹಿಡದು ಮಾತಾಡಂಗಿಲ್ಲ. ತೊಂಬತ್ತಾರರಾಗ ಅವರ ಸಂಘ ಇಲ್ಲೇ ಇಚಲಕರಂಜ್ಯಾಗ ಚಾತುರ್ಮಾಸಕ್ಕ ನಿಂತಿತ್ತು. ಎಲ್ಲಾರ ಮನಿ ಮುಂದೂ ಆಹಾರಕ್ಕ ಕರಿಯಾಕ ನಿಲ್ತಾರ. ಮಡಿಯುಟ್ಟು, ಕೈಯ್ಯಾಗ ಕಳಶ ಹಿಡಕೊಂಡು, ಮಹಾರಾಜರು ಹೊಂಟಾಗ ಅನಬೇಕು: ‘ನಮೋಸ್ತು, ನಮೋಸ್ತು, ಅತ್ರ ತಿಷ್ಠ, ತಿಷ್ಠ.’ ಇಲ್ಲಿ ನಿಲ್ಲು, ನಿಲ್ಲು ಅಂತ ಅರ್ಥ. ಅವರು ಹೊರಗ ಬೀಳೂಕಿಂತ ಮೊದಲ ಮನಸಿನ್ಯಾಗ ಒಂದ ಗುರುತು ಹಿಡಕೊಂಡಿರತಾರ. ಕೈಯ್ಯಾಗ ತೆಂಗಿನಕಾಯಿ ಇದ್ದಾಕಿ ಕಂಡ್ರ ನಿಲ್ತೀನಿ, ಇಲ್ಲಾ ಜೋಡಿ ಬಾಳಿಹಣ್ಣು ಕಂಡ್ರ ನಿಲ್ತೀನಿ, ಹಂಗ. ಯಾರಿಗೂ ಹೇಳಂಗಿಲ್ಲ. ಆ ಗುರುತು ಎಲ್ಲೂ ಸಿಗಲಿಲ್ಲಂದ್ರ ಆ ದಿನ ಉಪವಾಸ.

ನಾ ನಾಲ್ಕ ತಿಂಗಳು ನಿಂತೆ, ತಮ್ಮಾ. ಒಂದ ದಿನ ತೆಂಗಿನಕಾಯಿ, ಒಂದ ದಿನ ದಾಳಿಂಬ್ರ, ಒಂದ ದಿನ ಬರೇ ನೀರಿನ ಕಳಶ. ‘ತಿಷ್ಠ, ತಿಷ್ಠ’ ಅಂದೆ. ಅವರು ಬಾಜೂದ ಮನಿಗೆ ನಿಂತರು, ಎದುರಿನ ಮನಿಗೆ ನಿಂತರು. ನಮ್ಮ ಬಾಗಿಲಿಗೆ ಒಂದ ದಿನವೂ ನಿಲ್ಲಲಿಲ್ಲ. ಏನ ಗುರುತು ಹಿಡದಿದ್ರೋ. ಇವತ್ತಿಗೂ ಅಡಗಿಮನ್ಯಾಗ ಕಾಯಿಪಲ್ಲೆ ಹೆಚ್ಚೂಮುಂದ ಅನಸ್ತೈತಿ… ಇದೇನರೆ ಹಿಡೀಬೇಕಾಗಿತ್ತೇನೋ ಅಂತ.

ಇರಲಿ. ಇಷ್ಟ ಕಥಿ. ನಿನ್ನ ವಿಡಿಯೋಕ್ಕ ಚಂದಾತು, ಹೌದಲ್ಲೊ? ‘ತ್ಯಾಗಿಯ ಗಾಡಿ’ ಅಂತ ಹೆಸರಿಡು. ಎಲ್ಲಿ ಸಹಿ ಮಾಡಬೇಕು, ತೋರಿಸು.

ಯಾಕ ಕಾಗದ ಕೊಡವಲ್ಲಿ?

ಮತ್ತೇನ ಐತಿ? ಬಾಗಿಲಿಂದು ಹೇಳಿದೆನಲ್ಲಾ, ಚಿಲಕ ಸವದಿರತೈತಿ… ಸೀಟು? ಎಡಗಡೆ ಸೀಟು ಹಸೀ ಇರತೈತಿ? ಮಳಿ ಬಂದಿರತೈತಿ. ಈಗ ಬ್ಯಾಸಗಿ, ಶೆಡ್ಡಿಗೆ ತಗಡಿನ ಪತ್ರಾ ಐತಿ, ಅದೂ ಖರೆ… ಹೊಸಾ ಸೀಟು ಹೊಲಿಸಿ ಹಾಕಿದ್ರೂ? ಹೊಸಾದೂ ಮುಂಜಾನಿ ಹಸೀನ? ಒರಸಿದ್ರ ಅಂಟತೈತೇನು ಕೈಗೆ? ಹುಳಿ ವಾಸನಿ ಬರತೈತಲ್ಲ, ಒಡದ ಹಾಲಿಂದು…

…

ನೀ ವಾಸನಿ ಸುದ್ದಿ ತಗದಿರಲಿಲ್ಲ.

ಹಂಗ ನೋಡಬ್ಯಾಡ ನನ್ನ. ನೀ ಹಸೀ ಅಂದಿ. ಬರೇ ಹಸೀ ಅಂದಿ. ಹಾಲು ಅಂದಾಕಿ ನಾನ.

ವೃಷಾಲೀ! ಆ ಅಂಗಡಿಗೆ ಹೋಗಿ ಒಂದ ಕಿಲೋ ಬೆಲ್ಲ ತೊಗೊಂಡು ಬಾರವ್ವಾ. ಇದ್ರೂ ತಗೊಂಡ ಬಾ. ಹೂಂ, ಈಗ.

… ಹೋದ್ಳು.

ಫೋನು ಕೆಳಗ ಇಡು. ಉಲ್ಟಾ ಇಡು. ಕೇಳು.

ನಾನೂ ನಿಯಮ ತಗೊಂಡೆ. ಅಲ್ಲೇ, ಅವತ್ತ. ಇವರು ಎದ್ದು ಜೋಡ ಬಿಚ್ಚಾಕತ್ತಿದ್ರು. ನನ್ನ ಕಡೆ ಒಂದ ಮಾತು ಕೇಳಲಿಲ್ಲ ನೋಡು, ‘ಕಾಂಚನಾ, ಏನ ಮಾಡಲಿ’ ಅಂತ. ಕಾಲೇಜ್ ಕಲತಾಕಿ, ಮಂದಿ ಮುಂದ ಹಂಗ ಬಿಟ್ಟು ನಿಂತರ ಹೆಂಗಾಗಬೇಕು! ನಾ ಹೋಗಿ ಗಾಡ್ಯಾಗ ಕುಂತೆ, ನನ್ನ ಜಾಗದಾಗ, ಎಡಕ್ಕ. ಬಾಗಿಲ ತೆರದ ಇಟ್ಟು ಕೈ ಮುಗದು ಅಂದೆ: ‘ಮಹಾರಾಜ, ನನಗೂ ನಿಯಮ ಕೊಡ್ರಿ. ಇವರು ಬಂದು ಈ ಗಾಡಿ ನಡಸೂತನಕ ನಾ ಈ ಸೀಟು ಬಿಟ್ಟು ಏಳೂದಿಲ್ಲ.’

ಎತ್ತಿನ ಗಂಟಿ ಅಷ್ಟ ಕೇಳಸ್ತಿತ್ತು. ಅವರು ನಿಯಮ ಉಳಿಸ್ಕೊಂಡ್ರ ನನ್ನದು ಮುರೀಬೇಕು, ನನ್ನದು ಉಳೀಬೇಕಂದ್ರ ಅವರದು. ಮಹಾರಾಜರು ಪಿಂಛಿ ಎತ್ತಲಿಲ್ಲ. ‘ಸಿಟ್ಟಿನ್ಯಾಗ ನಿಯಮ ಇಲ್ಲವ್ವಾ’ ಅಂದ್ರು. ಹಂಗಾಗಿ ಅದು ನಿಯಮನ ಅಲ್ಲ. ಶಾಸ್ತ್ರದ ಪ್ರಕಾರ ಅಲ್ಲ. ನಾ ಪುಸ್ತಕ ತಗದು ನೋಡೀನಿ, ಪಂಡಿತರನ್ನ ಕೇಳೀನಿ, ಬ್ಯಾರೆ ಯಾರದೋ ಅಂತ ಹೇಳಿ ಕೇಳೀನಿ. ಅಲ್ಲ ಅಂದಾರ. ಆದ್ರ ನಾ ಣಮೋಕಾರ ಮಂತ್ರ ಹೇಳಿ ಅಂದಿದ್ದೆನಲ್ಲೋ. ಮೂರ ಸಲ.

ಅವರು ಹೋದ್ರು. ನಾ ಕುಂತೆ. ಹೊತ್ತ ಮುಳುಗಿತು. ದುಂಡಪ್ಪನ ಹೆಂಡತಿ, ಸಾವಕ್ಕ, ರೊಟ್ಟಿ ತಂದ್ಳು. ಹೊತ್ತ ಮುಳುಗಿದ ಮ್ಯಾಲೆ ನಾವು ಉಣ್ಣಂಗಿಲ್ಲ, ಬ್ಯಾಡಂದೆ. ಕೌದಿ ಹೊಚ್ಚಿ ಹೋದ್ಳು. ‘ಅಕ್ಕಾರ, ಮನಿಯೊಳಗ ಬರ್ರಿ’ ಅಂದ್ಳು. ಇಲ್ಲಂದೆ. ಸೊಕ್ಕು ಇತ್ತಲ್ಲ, ಸೊಕ್ಕಿಗೆ ಥಂಡಿ ಹತ್ತಂಗಿಲ್ಲ.

ಆದ್ರ ಎದಿಯಾಗ ಹಾಲು ಇತ್ತು.

ತಲಿ ತಗ್ಗಿಸಬ್ಯಾಡ, ನೀ ನನ್ನ ಮಗನ ವಾರಿಗಿಯವ. ಮುಂಜಾನಿಂದ ಕೂಸಿಗೆ ಕುಡಿಸಿರಲಿಲ್ಲ. ಎದಿ ಕಲ್ಲಾಗಿತ್ತು. ಆಮ್ಯಾಲೆ ತಾನ ಇಳಿಯಾಕ ಹತ್ತಿತು. ಕುಪ್ಪಸ ತೊಯ್ತು, ಸೆರಗ ತೊಯ್ತು, ಸೀಟು ತೊಯ್ತು. ಇಲ್ಲಿ ಮಹಾವೀರ ಅಳಾಕತ್ತಾನ ಅಂತ ನನಗ ಅಲ್ಲಿ ಗೊತ್ತಾಗತಿತ್ತು. ಬೆಳಕ ಹರೀತು, ಮೊದಲಿನ ಎಸ್ಟಿ ಬಸ್ಸು ಬಂತು. ನಾ ಕೈ ಮಾಡಿರಲಿಲ್ಲ. ರಸ್ತಾದ ಬಾಜೂಕ ಹೆಣ್ಣಮಗಳು ಒಬ್ಬಾಕಿನ ಗಾಡ್ಯಾಗ ಕುಂತಾಳ ಅಂತ ಡ್ರಾಯವ್ಹರನ ನಿಲ್ಲಿಸಿದ. ಕಂಡಕ್ಟರ್ ಅಂದ, ‘ಚಲಾ ಬಾಯಿ, ಕುಠೇ ಜಾಯಚಂ?’ ಎಲ್ಲಿಗೆ ಹೋಗಬೇಕು ಅಂತ. ನಾ ಎದ್ದೆ. ವಿಚಾರ ಮಾಡಲಿಲ್ಲ. ಎದ್ದು ಹತ್ತಿ ಬಂದೆ. ಮನಿಗೆ ಬಂದು ಕೂಸಿನ್ನ ಎದಿಗೆ ಹಚ್ಚಿಕೊಂಡೆ.

ಇದರಾಗ ತಪ್ಪೇನೈತಿ, ಹೇಳು? ತಪ್ಪಿಲ್ಲ. ಯಾವ ತಾಯಿ ಆದ್ರೂ ಏಳ್ತಿದ್ಳು.

ಆದ್ರ ಎದ್ದಾಕಿ ನಾ ಒಬ್ಬಾಕಿ. ನಾ ಕೊಟ್ಟ ಆ ಮಾತು ಎದ್ದಿಲ್ಲ ಕಾಣಸ್ತೈತಿ. ಅದು ಅಲ್ಲೇ ಕುಂತೈತಿ, ಬಾಗಿಲ ತೆರಕೊಂಡು. ಕಣಕಿ ಒಳಗ ಇಷ್ಟು ವರ್ಷ ಕುಂತಿತ್ತು, ಈಗ ನಿನ್ನ ಶೆಡ್ಡಿನ್ಯಾಗ ಕುಂತೈತಿ. ನಿನ್ನ ಹುಡುಗರಿಗೆ ಹೇಳು, ಅಂಜಬ್ಯಾಡ್ರಿ ಅಂತ. ಅದು ಯಾರಿಗೂ ಏನೂ ಮಾಡಂಗಿಲ್ಲ. ಅದು ಒಬ್ಬರದ ಹಾದಿ ಕಾಯಾಕತ್ತೈತಿ.

ಆದ್ರ ಒಂದ. ಈ ಹಾಲಿನ ಸುದ್ದಿ ನಿನ್ನ ವಿಡಿಯೋದಾಗ ಬರಬಾರದು. ನಿಯಮ ತಗೊಂಡಿದ್ದು ಬರಲಿ, ಬಸ್ಸು ಹತ್ತಿದ್ದು ಬರಲಿ, ನನಗ ಮಂದಿ ಅಂಜಿಕಿ ಇಲ್ಲ. ಕೂಸಿನ ಸಲುವಾಗಿ ಎದ್ದೆ ಅನ್ನೂದು ಬರಬಾರದು. ಮಹಾವೀರಗ ಗೊತ್ತಾಗಬಾರದು. ಯಾಕ ಅಂತಿ? ಅವರು ಹೊಳ್ಳಿ ನೋಡಲಾರದ ಹೋದ್ರ ಮುಗೀತು, ನಾ ಕುಂತರೇನು ಎದ್ದರೇನು. ಹೌದಲ್ಲ? ಅವರಂತೂ ತಿರುಗಿ ಬರಲಿಲ್ಲ. ಹಂಗಾಗಿ…

ಯಾಕ ಗಪ್ಪ ಆದಿ?

ಹೌದು ಅನ್ನು. ‘ಹೌದ್ರಿ ಕಾಕು’ ಅನ್ನು. ಇಷ್ಟೊತ್ತನಕ ಪ್ರತಿ ಮಾತಿಗೂ ಹೌದ್ರಿ ಅಂದಿ.

…

ಸಾವಕ್ಕ ಇನ್ನೂ ಅದಾಳೇನು?

ಅದಾಳ. ಕಣ್ಣು ಕಾಣಸಂಗಿಲ್ಲ ಅಂತಿದ್ರು… ಬಾಯಿ ಐತಿ. ಕಣಕಿ ತಗಿಯೂಮುಂದ ಬಾಜೂಕ ಕುಂತು ನಿನಗ ಹೇಳಿರಬೇಕು. ಎಲ್ಲಾ ಹೇಳ್ಯಾಳ. ಅದಕ್ಕ ನಾ ‘ಹೊಳ್ಳಿ ನೋಡಲಿಲ್ಲ’ ಅಂದಾಗ ನೀ ಚಹಾದ ಕಪ್ಪ ಕೆಳಗ ಇಟ್ಟಿ. ನಾ ನೋಡೀನಿ.

ಹೌದು.

ಬಂದಿದ್ರು. ಬಸ್ಸು ಹೋದ ಮ್ಯಾಲೆ, ಬಿಸಲ ಏರೂ ಹೊತ್ತಿಗೆ. ರಾತ್ರಿ ಸಂಘ ಮುಂದಿನ ಊರ ಸಾಲ್ಯಾಗ ಇಳದಿತ್ತು, ಅಲ್ಲಿಂದ ಒಬ್ಬರ ನಡಕೋತ ಬಂದಾರ. ಬರಿಗಾಲಿಲೆ. ಸಾವಕ್ಕಗ ಅಂದಾರ, ‘ಇವತ್ತ ಒಂದ ಸಲ ನಡಸ್ತೀನಿ. ಪಾಪ ನನಗ ಬರಲಿ. ಆಕಿನ್ನ ಮನಿಗೆ ಮುಟ್ಟಸ್ತೀನಿ.’ ನಿಯಮ ಮುರಿಯಾಕ ಬಂದಿದ್ರು, ತಮ್ಮಾ. ಇರಿವಿಗೆ ಬ್ರೇಕ್ ಹಾಕೂ ಮನಷ್ಯಾ, ನನ್ನ ಸಲುವಾಗಿ ಮುರಿಯಾಕ ಬಂದಿದ್ರು. ಬಂದು ನೋಡತಾರ, ಸೀಟು ಖಾಲಿ. ‘ಅಕ್ಕಾರ ಬಸ್ಸಿಗೆ ಹೋದ್ರು’ ಅಂದಾಳ ಸಾವಕ್ಕ. ತಮ್ಮ ಜಾಗದಾಗ ಸ್ವಲ್ಪ ಹೊತ್ತು ಕುಂತಿದ್ರಂತ. ಎದ್ದು ಬಾಗಿಲ ಸಾವಕಾಶ ಹಾಕಿ ಅಂದ್ರಂತ, ‘ಆಕಿ ಬಿಟ್ಳು ಅಂದ್ರ ನನಗೂ ಬಿಡಾಕ ಬರತೈತಿ.’ ಹೋದ್ರು. ಹಾಲು ಅನ್ನೂದು ಗಂಡಸಿನ ತಲ್ಯಾಗ ಎಲ್ಲಿ ಬರಬೇಕು? ಸಿಟ್ಟಿಲೆ ಹೋದ್ಳು ಅಂತ ತಿಳಕೊಂಡ್ರು.

ನನಗ ಗೊತ್ತಾಗಿದ್ದು ಮುಂದಿನ ವರ್ಷ, ದುಂಡಪ್ಪ ಕೊಟ್ಟಿಗಿಗೆ ಎಳಸಿಟ್ಟಿದ್ದ ಗಾಡಿ ತರಸೂಣಂತ ಹೋದಾಗ. ಅಷ್ಟೊತ್ತಿಗೆ ಅವರು ಕ್ಷುಲ್ಲಕ ಆಗಿದ್ರು. ದೀಕ್ಷಾ ಆದವರನ್ನ ಯಾರು ಕರೀತಾರ? ನಾ ಗಾಡಿ ಮುಟ್ಟಲಿಲ್ಲ. ಮುಚ್ಚಿಬಿಡು ದುಂಡಪ್ಪಾ ಅಂದೆ. ‘ಹೊಳ್ಳಿ ನೋಡಲಿಲ್ಲ’ ಅನ್ನೂ ಮಾತು ಮೊದಲ ನಾನ ಹೇಳಿದ್ದು. ಆಮ್ಯಾಲೆ ಭಾಷಣದವರು ಹಿಡಕೊಂಡ್ರು. ತಿರುಗಿ ಬಂದಿದ್ರು ಅಂತ ಗೊತ್ತಾದ್ರ ನನ್ನ ಮಗಾ ಕೇಳತಾನ, ಅವ್ವಾ ನೀ ಯಾಕ ಎದ್ದಿ ಅಂತ. ಏನ ಹೇಳಲಿ? ನಿನ್ನ ಸಲುವಾಗಿ ಅಂತ ಹೇಳಲಿ? ನೀ ಅಳತಿದ್ದಿ, ಅದಕ್ಕ ನಿನ್ನ ಅಪ್ಪ ಹೋದ ಅಂತ ಹೇಳಲಿ? ಒಬ್ಬ ಮನಷ್ಯಾ ಅದನ್ನ ಹೊತಗೊಂಡು ಹೆಂಗ ಬಾಳೇ ಮಾಡಬೇಕು? ಅದಕ್ಕ ಹೇಳಾಕತ್ತೀನಿ, ಕೈ ಮುಗೀತೀನಿ ಬೇಕಾದ್ರ, ಅಮರ, ಇದು ಅವಗ ಮುಟ್ಟಬಾರದು. ದಾನೋಳಿಗೆ ಹೋಗ್ಯಾನ, ಹೊಲಕ್ಕ. ಬರೂದರೊಳಗ ಸಹಿ ತಗೊಂಡು ಹೋಗಿಬಿಡು. ಗಾಡಿ ಬೇಕಾದ್ರ ಪುಣೇಕ್ಕ ಮಾರು, ಮುಂಬೈಕ್ಕ ಮಾರು…

ಮತ್ತ ತಲಿ ತಗ್ಗಿಸಿದಿ.

ಎಲ್ಲಾ ಹೇಳೀನಲ್ಲ. ಇನ್ನೇನ ಉಳೀತು?

ಅಮರ, ಒಂದ ಮಾತು ಕೇಳ್ತೀನಿ. ಗುಡ್ಡದಂಥಾ ಕಣಕಿ ಒಳಗ ಗಾಡಿ ಇತ್ತು. ರಸ್ತಾಕ್ಕ ಕಾಣಸಂಗಿಲ್ಲ. ದುಂಡಪ್ಪ ತೀರಿಕೊಂಡಾನ. ಸಾವಕ್ಕಗ ಕಣ್ಣಿಲ್ಲ, ಫೋನ್ ಇಲ್ಲ. ಅದರ ಒಳಗ ಗಾಡಿ ಐತಿ ಅಂತ ನಿನಗ ತೋರಿಸಿದವರು ಯಾರು?

…

ಬಾಗಿಲ ಕಡೆ ಯಾಕ ನೋಡ್ತಿ? ಅಲ್ಲಿ ಯಾರೂ ಇಲ್ಲ. ಮಹಾವೀರ ಇನ್ನೂ ಬಂದಿಲ್ಲ.

…

ಹೋಗ್ಯಾನೇನು ಅಲ್ಲಿ ಮೊದಲೂ? ಡಿಪ್ಲೋಮಾ ಕಲಿಯಾಕ ಗಡಹಿಂಗ್ಲಜದಾಗ ಸೋದರಮಾವನ ಮನ್ಯಾಗ ಇದ್ದ, ಎರಡ ವರ್ಷ. ಆಗ ಹೋಗಿರಬೇಕು. ಹದಿನೆಂಟು ವರ್ಷದಾಂವ ಇದ್ದ. ಸಾವಕ್ಕ ಹೇಳಿರಬೇಕು… ಆಕಿ ಹೇಳಲಾರದ ಇರ್ತಾಳೇನು! ಸೀಟು ಒರಸಿದಾಕಿ ಆಕಿನ, ಹಾಲಿಂದೂ ಹೇಳ್ಯಾಳೇನು? ತಲಿ ಅಲ್ಲಾಡಿಸು, ಮಾತಾಡಬ್ಯಾಡ.

ಹೇಳ್ಯಾಳ.

ಆಮ್ಯಾಲೂ ಹೋಗತಾನೇನು? ಕಬ್ಬಿನ ಹಂಗಾಮಿನ್ಯಾಗ, ಗಡಹಿಂಗ್ಲಜಕ್ಕ ಕೆಲಸ ಐತಿ ಅಂತ ಹೋಗೂದು… ಕಣಕಿ ಸರಿಸಿ ಒಳಗ ಕೂಡತಾನ? ಯಾವ ಕಡೆ ಕೂಡತಾನ? ಸ್ಟೇರಿಂಗ್ ಕಡೆನ?

ಎಡಕ್ಕ.

…

ಇಲ್ಲ, ನೀರು ಬ್ಯಾಡ. ಕೂಡು ನೀನು. ನನಗೇನೂ ಆಗಿಲ್ಲ.

ಏನಾತು ಅಂದ್ರ, ಹೇಳ್ತೀನಿ. ನಾ ಒಂದ ಬಸ್ಸು ಹತ್ತಿದ್ದಕ್ಕ ಗಂಡ ಹೋದ್ರು. ಕೂಸಿಗೆ ಅಪ್ಪ ಹೋದ. ಅಷ್ಟ ಹೋಗೈತಿ ಅಂತ ನಾ ತಿಳಕೊಂಡಿದ್ದೆ, ಅಷ್ಟಕ್ಕ ಮನಸು ಗಟ್ಟಿ ಮಾಡಿದ್ದೆ. ಅದಲ್ಲ. ತಾಯಿ ಮಗಾ ಇಪ್ಪತ್ತ ವರ್ಷ ಒಂದ ಅಡಗಿಮನ್ಯಾಗ, ಎದುರಾ ಬದುರಾ ಕುಂತು, ಒಂದ ಮಾತು ಒಬ್ಬರಿಗೊಬ್ಬರು ಮುಚ್ಚಿಟಗೊಂಡು ಉಂಡೇವಿ. ಅಂವ ಆ ವಯಸ್ಸಿನಿಂದ ನನ್ನ ಮುಂದ ಒಮ್ಮೆ ಸೈತ ಅಪ್ಪನ ಹೆಸರು ತಗದಿಲ್ಲ. ಪುಣ್ಯತಿಥಿಗೆ ಬರಂಗಿಲ್ಲ. ಫೋಟೋದ ಕಡೆ ನೋಡಂಗಿಲ್ಲ. ಅಪ್ಪನ ಮ್ಯಾಲೆ ಸಿಟ್ಟು ಅಂತ ನಾ ಮಂದಿಗೆ ಹೇಳಕೋತ ಬಂದೆ. ಸಿಟ್ಟಲ್ಲೋ ಅದು, ತನ್ನ ಸಲುವಾಗಿ ನಾ ಎದ್ದೆ ಅಂತ ಗೊತ್ತಿದ್ದೂ, ನನಗ ನೋವಾಗಬಾರದಂತ ನನ್ನಂಗನ ಬಾಯಿ ಮುಚ್ಚಿಕೊಂಡಿದ್ದ.